ಕೋಳಿ ಕುತ್ತಿಗೆ ತಿರುಚಿಕೊಂಡು ಸಾಯುವುದು ಮಾಟದಿಂದಲೇ, ಟವರ್‌ನಿಂದಲೇ?

ಕುತ್ತಿಗೆ ತಿರುಚಿಕೊಂಡು ಒದ್ದಾಡುವ ನಾಟಿ ಕೋಳಿಯ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಕೆಲವರು ಇದನ್ನು ಮಾಟ ಅನ್ನುತ್ತಾರೆ, ಕೆಲವರು ಮೊಬೈಲ್ ಟವರ್ ಅನ್ನುತ್ತಾರೆ, ಇನ್ನು ಕೆಲವರು ಪಕ್ಕದ ಮನೆಯವರೇ ವಿಷ ಹಾಕಿದ್ದಾರೆಂದು ಜಗಳಕ್ಕೆ ನಿಲ್ಲುತ್ತಾರೆ. ಸಂಜೆ ಚೆನ್ನಾಗಿ ಮೇಯ್ದು ಗೂಡು ಸೇರಿದ ಕೋಳಿ ಬೆಳಿಗ್ಗೆ ಸತ್ತು ಬಿದ್ದಿದ್ದರೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಇಂಥ ಸಾವುಗಳ ಹಿಂದೆ ಬಹಳಷ್ಟು ಸಲ ಇರುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ.

ಭಾರತದಲ್ಲಿ ಇದನ್ನು ಗುರುತಿಸಿದ್ದು 1927ರ ಸುಮಾರಿಗೆ, ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ. ಆಗ ಯಾವ ಟವರೂ ಇರಲಿಲ್ಲ! ಇದು ವೈರಸ್ ಕಾಯಿಲೆ. ವೈರಸ್ ನರಮಂಡಲಕ್ಕೆ ತಲುಪಿದಾಗ ಕುತ್ತಿಗೆ ತಿರುಚುತ್ತದೆ, ರೆಕ್ಕೆ ಜೋಲುತ್ತದೆ, ಕಾಲು ಸ್ವಾಧೀನ ತಪ್ಪುತ್ತದೆ. ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಮೊಟ್ಟೆ ನಿಲ್ಲುವುದು ಇತರ ಲಕ್ಷಣಗಳು. ಲಸಿಕೆ ಹಾಕಿಸದ ಹಿಂಡಿನಲ್ಲಿ ತೀವ್ರ ರೂಪದ ರೋಗ ಬಂದರೆ ಹೆಚ್ಚುಕಡಿಮೆ ಎಲ್ಲ ಕೋಳಿಗಳೂ ಹೋಗಬಹುದು.

ವಿಷ ಆಗಿರಲು ಸಾಧ್ಯವೇ ಇಲ್ಲವೇ?

ಇದೆ. ಔಷಧ ಬೆರೆಸಿದ ಬಿತ್ತನೆ ಬೀಜವನ್ನೋ ಇಲಿ ಪಾಷಾಣವನ್ನೋ ಕೋಳಿ ಹೆಕ್ಕಿರಬಹುದು. ಆಗ ಸಾಮಾನ್ಯವಾಗಿ ಅದನ್ನು ತಿಂದವು ಮಾತ್ರ, ಹೆಚ್ಚು ಅಂತರವಿಲ್ಲದೆ ಸಾಯುತ್ತವೆ. ಇವತ್ತು ಎರಡು, ನಾಳೆ ಐದು, ಆಮೇಲೆ ಪಕ್ಕದ ಮನೆಯವೂ ಸಾಯತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಸೋಂಕನ್ನು, ಪಕ್ಕದ ಮನೆಯವರನ್ನಲ್ಲ.

ಹಕ್ಕಿಜ್ವರ ಆಗಿದ್ದರೆ?

ಕಷ್ಟ ಇರುವುದು ಇಲ್ಲೇ. ಹಕ್ಕಿಜ್ವರದಲ್ಲೂ ಕೋಳಿಗಳು ಹೀಗೇ ಸಾಲಾಗಿ ಸಾಯುತ್ತವೆ. ಜುಟ್ಟು ಊದಿ ನೀಲಿಯಾಗಬಹುದು. ಆದರೆ ಎರಡನ್ನೂ ಕಣ್ಣಿಂದ ನೋಡಿ ಖಚಿತವಾಗಿ ಬೇರ್ಪಡಿಸಲು ಪಶುವೈದ್ಯರಿಗೂ ಆಗದು, ಪ್ರಯೋಗಾಲಯದ ಪರೀಕ್ಷೆ ಬೇಕು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಅದೇ ಮಾರ್ಚ್‌ನಲ್ಲಿ ಆಂಧ್ರಪ್ರದೇಶದಲ್ಲಿ ಎರಡು ವರ್ಷದ ಮಗುವೊಂದು ಎಚ್5ಎನ್1 ಸೋಂಕಿನಿಂದ ತೀರಿಕೊಂಡಿತು. ಮನುಷ್ಯರಿಗೆ ಇದು ಹರಡುವುದು ಅಪರೂಪ, ಹರಡಿದರೆ ಅಪಾಯ. ರಾಣಿಖೇತ್ ಹಾಗಲ್ಲ, ಹೆಚ್ಚೆಂದರೆ ಕೆಲ ದಿನ ಕಣ್ಣು ಕೆಂಪಾಗಬಹುದು.

“ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ” ಎಂಬ ಫಾರ್ವರ್ಡ್ ಅರ್ಧ ಸತ್ಯ. 70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮಾಂಸದ ಎಲ್ಲ ಭಾಗವೂ ಬೆಂದರೆ ವೈರಸ್ ಸಾಯುತ್ತದೆ, ನಿಜ. ಅಪಾಯ ಇರುವುದು ಅದಕ್ಕೂ ಮೊದಲು, ಕಾಯಿಲೆ ಕೋಳಿಯನ್ನು ಹಿಡಿದು, ಕೊಯ್ದು, ಪುಕ್ಕ ಕೀಳುವಾಗ. ಅದನ್ನು ಕೊಯ್ಯಲೇಬೇಡಿ.

ಇನ್ನೊಂದು ಅಭ್ಯಾಸ ಊರೂರಲ್ಲೂ ಇದೆ: ಎರಡು ಸತ್ತ ಕೂಡಲೇ ಉಳಿದವನ್ನು ಸಿಕ್ಕ ಬೆಲೆಗೆ ಸಂತೆಯಲ್ಲಿ ಮಾರಿಬಿಡುವುದು. ಕೋಳಿ ದುಡ್ಡಿನಲ್ಲೇ ಮಕ್ಕಳ ನೋಟ್‌ಬುಕ್ಕು, ಗ್ಯಾಸಿನ ಖರ್ಚು ನೋಡಿಕೊಳ್ಳುವ ಮನೆಯ ಹೆಂಗಸರಿಗೆ ಮಾರಬೇಡಿ ಎನ್ನುವುದು ಸುಲಭದ ಮಾತಲ್ಲ, ಗೊತ್ತು. ಆದರೆ ರೋಗ ಒಂದೂರಿಂದ ಇನ್ನೊಂದೂರಿಗೆ ಹೋಗುವುದು ಬಹುಪಾಲು ಇದೇ ಮಂಕರಿಗಳಲ್ಲಿ. ಸತ್ತವನ್ನು ಹಳ್ಳಕ್ಕೆ ಎಸೆಯದೆ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರೆಡೆ ಇಡಿ. ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ, ಅವರು ಹೇಳಿದ ಮೇಲೆ ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಮಾತ್ರೆ ಅರೆದು ಕುಡಿಸಿದರೆ ಈ ವೈರಸ್‌ಗೆ ಏನೂ ಆಗುವುದಿಲ್ಲ.

ರಾಣಿಖೇತ್‌ಗೆ ಚಿಕಿತ್ಸೆ ಇಲ್ಲ, ಲಸಿಕೆ ಇದೆ. ಮರಿ ಹುಟ್ಟಿದ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ಎಂಟು ವಾರಕ್ಕೆ ಚುಚ್ಚುಮದ್ದು. ತೊಡಕೆಂದರೆ, ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಗೆಂದು ಯಾರೂ ಸೀಸೆ ಒಡೆಯುವುದಿಲ್ಲ. ಬೀದಿಯ ಏಳೆಂಟು ಮನೆಯವರು ಸೇರಿ ಒಂದು ದಿನ ಗೊತ್ತು ಮಾಡಿ, ಬೆಳಿಗ್ಗೆ ಗೂಡಿನಿಂದ ಬಿಡುವ ಮೊದಲೇ ಎಲ್ಲ ಕೋಳಿಗೂ ಹಾಕಿಸಿದರೆ ಕೆಲಸ ಆಗುತ್ತದೆ.