ಪೂರಿಮ್ ತೋರಾ

ಯೆಹೂದಿ ಧರ್ಮಶಾಸ್ತ್ರವಾದ ಹಲಾಖಾದ ವಾದಸರಣಿಯನ್ನೇ ಅನುಕರಿಸುವ ಹಾಸ್ಯಪ್ರಕಾರ. ಪೂರಿಮ್ ಹಬ್ಬದ ರೂಢಿ. 14ನೇ ಶತಮಾನದಲ್ಲಿ ಕಲೊನಿಮಸ್ ಬೆನ್ ಕಲೊನಿಮಸ್ ಬರೆದ ‘ಮಸ್ಸೆಖೆತ್ ಪೂರಿಮ್’ ಹೆಸರಾಂತ ಹಳೆಯ ಮಾದರಿ. ಈ ತಮಾಷೆ ಕ್ರಿಸ್‌ಮಸ್‌ಗೂ ಚಾಚಿದೆ. ಯೆಹೂದಿಗಳ ದೀಪದ ಹಬ್ಬವಾದ ಹನುಕ್ಕಾದ ದೀಪ 20 ಮೊಳಕ್ಕಿಂತ ಎತ್ತರವಿದ್ದರೆ ಸಲ್ಲದೆನ್ನುತ್ತದೆ ಧರ್ಮಗ್ರಂಥ ತಾಲ್ಮುದ್. ಹಾಗಾದರೆ ಕ್ರಿಸ್‌ಮಸ್ ಮರದ ತುದಿಯ ನಕ್ಷತ್ರದ ಗತಿಯೇನು? ಹನುಕ್ಕಾ ದೀಪಗಳ ಸಂಖ್ಯೆಯನ್ನು ದಿನದಿನಕ್ಕೆ ಏರಿಸಬೇಕೆಂದ ಹಿಲ್ಲೆಲ್ ಪಂಥ, ಇಳಿಸಬೇಕೆಂದ ಶಮ್ಮಾಯ್ ಪಂಥ, ಮರದ ಸರದೀಪಕ್ಕೆ ಏನು ವಿಧಿಸಿಯಾವು? ಪ್ರಶ್ನೆ ಕಲ್ಪಿತ, ತರ್ಕ ಅಪ್ಪಟ. ಶಾಸ್ತ್ರ ಓದಿದವರಿಗೇ ನಗು ಪೂರ್ತಿ ದಕ್ಕುವುದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಕೆಲವು ಹಸಿದೀ ಯೆಹೂದಿಗಳು ತೋರಾ ಮುಚ್ಚಿಟ್ಟು ಚದುರಂಗ ಆಡುವ ‘ನಿಟ್ಟಲ್’ ಮಾತ್ರ ಹಾಸ್ಯವಲ್ಲ, ನಿಜವಾದ ಸಂಪ್ರದಾಯ.