ಮಣ್ಣಿನಿಂದೆದ್ದ ‘ಡೆಬೊರಾ’
(ಯುದ್ಧದ ಟ್ಯಾಂಕುಗಳ ಮೈಮೇಲಿನ ಗುರುತುಗಳು)

‘ಟ್ಯಾಂಕು’ ಎಂಬ ಮಾತನ್ನು ನಮ್ಮ ಸೀಮೆಯ ಜನ ಮೊದಲು ಕೇಳಿದ್ದು ಕೆರೆಯ ಹೆಸರಾಗಿ. ಆಂಗ್ಲ ಅಧಿಕಾರಿಗಳು ನಮ್ಮ ಕೆರೆಗಳನ್ನೆಲ್ಲ ಕಂದಾಯದ ಕಡತಗಳಲ್ಲಿ ಹಾಗೆಂದೇ ಬರೆದರು. ಆ ಶಬ್ದದ ಬೇರು ಗುಜರಾತಿನ ಕಡೆಯ ನೀರಿನ ತೊಟ್ಟಿಯಲ್ಲಿದೆಯೆಂದು ನಿಘಂಟುಕಾರರು ಹೇಳುವುದುಂಟು. ಅದೇ ಹೆಸರು ಉಕ್ಕಿನ ಯುದ್ಧರಥಕ್ಕೆ ಅಂಟಿಕೊಂಡದ್ದು ಒಂದು ಸುಳ್ಳಿನಿಂದ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಈ ಯಂತ್ರವನ್ನು ಗುಟ್ಟಾಗಿ ಕಟ್ಟುತ್ತಿದ್ದಾಗ, ಕಂಡವರು ನೀರಿನ ತೊಟ್ಟಿಯೆಂದು ಭ್ರಮಿಸಲೆಂದು ಹಾಗೆ ಕರೆದರು. ಕೆಲವು ಟ್ಯಾಂಕುಗಳ ಮೈಮೇಲೆ ‘ಜೋಪಾನವಾಗಿ ಪೆಟ್ರೊಗ್ರಾಡಿಗೆ’ ಎಂದು ರಷ್ಯನ್ ಲಿಪಿಯಲ್ಲಿ ಬರೆದದ್ದೂ ಉಂಟು. ಹೀಗೆ ಟ್ಯಾಂಕಿನ ಮೇಲಿನ ಮೊದಮೊದಲ ಬರಹವೇ ಓದಿದವರ ದಾರಿ ತಪ್ಪಿಸುವ ಬರಹವಾಗಿತ್ತು.

ಮುಂದಿನ ಬರಹಗಳು ಹಾಗಲ್ಲ. ಅವು ಶಾಸನದ ಸಾಲುಗಳಂತೆ; ಕ್ರಮವರಿತು ಓದಿದರೆ ಸತ್ಯವನ್ನೇ ನುಡಿಯುತ್ತವೆ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಟ್ಯಾಂಕುಗಳು ಮೊದಲ ಬಾರಿ ಮುನ್ನಡೆದಾಗ, ಅವುಗಳ ತುಕಡಿಗಳಿಗೆ ಆಂಗ್ಲ ವರ್ಣಮಾಲೆಯ ಒಂದೊಂದು ಅಕ್ಷರವೇ ಹೆಸರಾಗಿತ್ತು. ತುಕಡಿಗಳು ಬೆಳೆದು ಬೆಟಾಲಿಯನ್ನುಗಳಾದವು, ಎಂದರೆ ನಮ್ಮವರು ಹೇಳುವ ಪಟಾಲಮುಗಳಾದವು. ಅಕ್ಷರಗಳು ಹಾಗೆಯೇ ಉಳಿದುವು. ಪ್ರತಿಯೊಂದು ಟ್ಯಾಂಕಿಗೆ ಆ ಅಕ್ಷರವೂ ಒಂದು ಅಂಕೆಯೂ ಸಲ್ಲುತ್ತಿದ್ದುವು. ಇದರೊಡನೆ ಅದೇ ಅಕ್ಷರದಿಂದ ತೊಡಗುವ ಒಂದು ಮುದ್ದಿನ ಹೆಸರು. ಫ್ಲೆರ್ಸ್ ಎಂಬ ಹಳ್ಳಿಯನ್ನು ಹೊಕ್ಕು ಪ್ರಸಿದ್ಧವಾದ ‘ಡಿ 17’ರ ಹೆಸರು ‘ಡಿನ್ನಕೆನ್’. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಇದಕ್ಕೆ ‘ಗೊತ್ತಿಲ್ಲ’ ಎಂದರ್ಥ. ಸಾಯಲು ಹೊರಟವರಿಗೂ ವಿನೋದ ಬಿಡಲಿಲ್ಲವೆಂಬುದು ಗಮನಿಸತಕ್ಕ ವಿಷಯ.

ಬಣ್ಣ ಕೆಸರಿನಲ್ಲಿ ಮುಚ್ಚಿಹೋದರೂ ಟ್ಯಾಂಕಿನ ಮೈಕಟ್ಟು ಕೆಲವು ಸಂಗತಿಗಳನ್ನು ತಿಳಿಸುತ್ತದೆ. ಎರಡು ಪಕ್ಕೆಗಳಲ್ಲಿಯೂ ಆರು ಪೌಂಡಿನ ಫಿರಂಗಿಗಳಿದ್ದುದು ‘ಗಂಡು’. ಬರಿಯ ಮೆಷಿನ್‌ಗನ್ನುಗಳಿದ್ದುದು ‘ಹೆಣ್ಣು’. ಮೂತಿಯ ಬಳಿ ಬಿಳಿ, ಕೆಂಪು, ಬಿಳಿ ಪಟ್ಟೆಗಳು ಕಂಡರೆ ಆ ಚಿತ್ರ ಸಾಮಾನ್ಯವಾಗಿ 1918ಕ್ಕೆ ಸೇರಿದ್ದು. ಜರ್ಮನರು ಸೆರೆಹಿಡಿದ ಬ್ರಿಟಿಷ್ ಟ್ಯಾಂಕುಗಳಿಗೆ ತಮ್ಮ ಶಿಲುಬೆಯನ್ನು ಬಳಿದು ಮರಳಿ ಯುದ್ಧಕ್ಕೆ ತಂದುದರಿಂದ, ತನ್ನದಾವುದು ಹಗೆಯದಾವುದು ಎಂದು ತಿಳಿಯಲು ಈ ಪಟ್ಟೆ ಬೇಕಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ರೆಜಿಮೆಂಟುಗಳಲ್ಲಿ ಆಕೃತಿಗಳ ಪದ್ಧತಿ ನೆಲೆಗೊಂಡಿತ್ತು: ಮುಖ್ಯ ಠಾಣೆಗೆ ವಜ್ರಾಕೃತಿ, ‘ಎ’ ದಳಕ್ಕೆ ತ್ರಿಕೋನ, ‘ಬಿ’ ದಳಕ್ಕೆ ಚೌಕ, ‘ಸಿ’ ದಳಕ್ಕೆ ವೃತ್ತ. ರೇಖಾಗಣಿತವನ್ನು ಬಲ್ಲ ವಿದ್ಯಾರ್ಥಿಗೆ ಇದು ಒಂದು ಗಳಿಗೆಯ ಪಾಠ.

ಆದರೆ ಹೆಸರನ್ನೇ ನೆಚ್ಚಿದವನು ಮೋಸಹೋಗುವ ಸಂದರ್ಭವೂ ಇದೆ. ಒಂದು ಟ್ಯಾಂಕು ನಾಶವಾದರೆ ಅದರ ಬದಲಿಗೆ ಬಂದದ್ದಕ್ಕೆ ಅದೇ ಅಂಕೆಯನ್ನೂ ಅದೇ ಹೆಸರನ್ನೂ ಇಡುತ್ತಿದ್ದರು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ವಾಡಿಕೆಯಂತೆ. ‘ಡಿ 51 ಡೆಬೊರಾ’ ಎಂಬುದು ಹಾಗೆ ಎರಡು ಸಲ ಹುಟ್ಟಿದ ಹೆಸರು. ಮೊದಲನೆಯದು 1917ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಪ್ರದೇಶದ ಕೆಸರಿನಲ್ಲಿ ಕಳೆದುಹೋಯಿತು. ಎರಡನೆಯದರ ಕಥೆಯೇ ಇಲ್ಲಿ ಹೇಳಬೇಕಾದದ್ದು.

1917ರ ನವೆಂಬರ್ 20ರ ಬೆಳಗ್ಗೆ ಫ್ರಾನ್ಸಿನ ಕಾಂಬ್ರೆ ಪಟ್ಟಣದೆದುರು ಬ್ರಿಟಿಷರು 476 ಟ್ಯಾಂಕುಗಳನ್ನು ಒಮ್ಮೆಗೇ ಮುಂದಕ್ಕೆ ಬಿಟ್ಟರು. ಅವುಗಳಲ್ಲಿ 378 ಕಾದುವ ಟ್ಯಾಂಕುಗಳು. ಉಳಿದುವು ಸಾಮಾನು ಹೊರುವ, ಮುಳ್ಳುತಂತಿ ಎಳೆಯುವ ಮೊದಲಾದ ಕೆಲಸದವು. ಅಗಲವಾದ ಕಂದಕಗಳನ್ನು ದಾಟಲೆಂದು ಕಾದುವ ಟ್ಯಾಂಕುಗಳು ತಲೆಯ ಮೇಲೆ ಸೌದೆಯ ದೊಡ್ಡ ಹೊರೆಗಳನ್ನು ಹೊತ್ತಿದ್ದುವು. ಹೆಚ್ಚಿನ ಕಡೆಗಳಲ್ಲಿ ಜಯವಾಯಿತು. ಫ್ಲೆಸ್ಕಿಯೇರ್ ಹಳ್ಳಿಯ ದಿಬ್ಬದಲ್ಲಿ ಮಾತ್ರ ಡಿ ಮತ್ತು ಇ ಬೆಟಾಲಿಯನ್ನುಗಳು ಬಹಳ ನಷ್ಟವನ್ನನುಭವಿಸಿದುವು. ‘ಡೆಬೊರಾ’ ಆ ಹಳ್ಳಿಯನ್ನು ಹಾಯ್ದು ಆಚೆಯ ಅಂಚನ್ನು ಮುಟ್ಟಿದ ಕೆಲವೇ ಟ್ಯಾಂಕುಗಳಲ್ಲೊಂದು. ಅಲ್ಲಿ ಫಿರಂಗಿಯ ಗುಂಡುಗಳು ಅದನ್ನು ಸೀಳಿದುವು. ಒಳಗಿದ್ದ ಎಂಟು ಮಂದಿಯಲ್ಲಿ ಐವರು ಮಡಿದರು. ನಾಯಕನಾದ ಸೆಕೆಂಡ್ ಲೆಫ್ಟಿನೆಂಟ್ ಫ್ರಾಂಕ್ ಹೀಪ್ ಉಳಿದವರನ್ನು ಕರೆದುಕೊಂಡು ತನ್ನ ಪಡೆಯನ್ನು ಸೇರಿಕೊಂಡನು. ಅವನಿಗೆ ಮಿಲಿಟರಿ ಕ್ರಾಸ್ ಪದಕ ದೊರೆಯಿತು. (ಇದೇ ಕಾಂಬ್ರೆ ಕದನದ ಕೊನೆಗೆ, ಡಿಸೆಂಬರ್ 1ರಂದು, ಭಾರತೀಯ ರಾವುತರೂ ಕಾದಿದರು. ಗುಂಡಿನ ಮಳೆಯಲ್ಲಿ ಮೂರು ಸಲ ಸುದ್ದಿ ಹೊತ್ತು, ಮೂರು ಸಲವೂ ಏರಿದ ಕುದುರೆಯನ್ನು ಕಳೆದುಕೊಂಡ ಲಾನ್ಸ್ ದಫೇದಾರ್ ಗೋವಿಂದಸಿಂಗನಿಗೆ ವಿಕ್ಟೋರಿಯ ಕ್ರಾಸ್ ಸಂದಿತು.)

ಫ್ಲೆಸ್ಕಿಯೇರಿನ ನಷ್ಟದ ಬಗ್ಗೆ ಒಂದು ದಂತಕಥೆ ಹಬ್ಬಿತು. ಒಬ್ಬನೇ ಜರ್ಮನ್ ಅಧಿಕಾರಿ ಒಂದೇ ಫಿರಂಗಿಯಿಂದ ಟ್ಯಾಂಕುಗಳನ್ನು ಸಾಲಾಗಿ ಕೆಡವಿದನೆಂಬುದು ಅದರ ಸಾರ. ದಂಡನಾಯಕ ಹೇಗನ ವರದಿಯಲ್ಲಿಯೇ ಅಂಥವನ ಪ್ರಶಂಸೆ ಬಂದಿತು. ಆದರೆ ಅಲ್ಲಿದ್ದ ಜರ್ಮನರ 54ನೆಯ ಡಿವಿಜನ್ನಿನ ಫಿರಂಗಿದಳಕ್ಕೆ ಚಲಿಸುವ ಗುರಿಗಳಿಗೆ ಹೊಡೆಯುವ ತರಬೇತಿಯೇ ಇತ್ತು. ಇಂಥ ಕಥೆಯನ್ನು ಪರೀಕ್ಷಿಸಬೇಕಾದರೆ ಯಾವ ಟ್ಯಾಂಕು ಎಲ್ಲಿ ಬಿದ್ದಿತು, ಅದರ ಯಾವ ಮಗ್ಗುಲಿಗೆ ಏಟು ತಗುಲಿತು ಎಂಬುದನ್ನು ಒಂದೊಂದಾಗಿ ಗೊತ್ತುಮಾಡಬೇಕು. ಗುರುತುಗಳ ಬೆಲೆ ಇರುವುದು ಇಲ್ಲಿಯೇ. ಹೆಸರಿಲ್ಲದ ಉಕ್ಕಿನ ರಾಶಿಯ ಮೇಲೆ ಯಾರು ಬೇಕಾದರೂ ಯಾವ ಕಥೆಯನ್ನಾದರೂ ಕಟ್ಟಬಹುದು. ‘ಡಿ 51’ ಎಂದು ಗೊತ್ತಾದ ರಾಶಿಗೆ ಜಾಗವಿದೆ, ಗಳಿಗೆಯಿದೆ, ಮಡಿದವರ ಹೆಸರಿದೆ.

ಯುದ್ಧಾನಂತರ ‘ಡೆಬೊರಾ’ ಮರೆಯಾಯಿತು. ಆ ಹಳ್ಳಿಯಲ್ಲಿ ಒಂದು ಟ್ಯಾಂಕನ್ನು ಹೂಳಿದ್ದಾರೆಂಬ ಮಾತನ್ನು ಸ್ಥಳೀಯ ಇತಿಹಾಸಾಸಕ್ತ ಫಿಲಿಪ್ ಗೊರ್ಚಿನ್ಸ್ಕಿ ವರ್ಷಗಟ್ಟಲೆ ಬೆನ್ನಟ್ಟಿದನು. ಟ್ಯಾಂಕನ್ನು ಹಳ್ಳಕ್ಕೆ ನೂಕುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದ ವೃದ್ಧೆಯೊಬ್ಬಳ ನೆನಪು ಅವನಿಗೆ ದಾರಿತೋರಿತು. 1998ರ ನವೆಂಬರಿನಲ್ಲಿ ಅಗೆತ ನಡೆದು ಟ್ಯಾಂಕು ಹೊರಬಿದ್ದಿತು. ಪಕ್ಕೆಯನ್ನು ನೋಡಿ ‘ಹೆಣ್ಣು’ ಎಂದು ಹೇಳುವುದು ಸುಲಭ. ಆದರೆ ಆ ಬಯಲಿನಲ್ಲಿ ಬಿದ್ದ ಹೆಣ್ಣು ಟ್ಯಾಂಕುಗಳು ಒಂದೆರಡಲ್ಲ. ಯಾವುದೆಂದು ತಿಳಿಯಲು ನೆರವಾದದ್ದು ಬಣ್ಣಕ್ಕಿಂತ ಹೆಚ್ಚಾಗಿ ಗಾಯ. ಹೀಪನ ಮನೆತನದವರು ಕಾದಿರಿಸಿದ್ದ ಹಳೆಯ ಛಾಯಾಚಿತ್ರಗಳಲ್ಲಿನ ಒಡೆದ ಟ್ಯಾಂಕಿಗೂ ಮಣ್ಣಿನಿಂದೆದ್ದ ಟ್ಯಾಂಕಿಗೂ ಗುಂಡು ತಗುಲಿದ ಎಡೆಗಳು ಹೊಂದಿಕೊಂಡುವು. ವೀರಗಲ್ಲಿನ ಅಕ್ಷರ ಸವೆದಿದ್ದರೂ ಶಿಲ್ಪವನ್ನು ನೋಡಿ ತುರುಗೋಳಿನ ಕಾಳಗವೆಂದು ಗುರುತಿಸುವ ನಮ್ಮ ಮಾಸ್ತರರಿಗೆ ಈ ವಿಧಾನ ಹೊಸತೆನಿಸದು.

ಮಡಿದ ಐವರ ಸಮಾಧಿಗಳು ಅದೇ ಊರಿನ ಬ್ರಿಟಿಷ್ ಶ್ಮಶಾನದಲ್ಲಿವೆ. ಕದನಕ್ಕೆ ನೂರು ವರ್ಷ ತುಂಬಿದ 2017ರಲ್ಲಿ ಆ ಶ್ಮಶಾನದ ಮಗ್ಗುಲಿಗೆ ಒಂದು ವಸ್ತುಸಂಗ್ರಹಾಲಯವನ್ನು ಕಟ್ಟಿ, ಬಣ್ಣ ಬಳಿಯದೆ, ಸೀಳಿದ ಭಾಗವನ್ನು ಮುಚ್ಚದೆ, ‘ಡೆಬೊರಾ’ಳನ್ನು ಅದರೊಳಗೆ ನಿಲ್ಲಿಸಿದರು.