ಕಲಿತು ಬಂದವರು ಕಲಿಸಲು: ಹೆಬ್ಬಾಳ–ಕೆಂಪಾಪುರ ಸೀಮೆ ಮತ್ತು ವಿನಿಮಯದ ಅನುದಾನ

ವಿದೇಶಿ ವಿನಿಮಯ ಯೋಜನೆಗಳಲ್ಲಿ ಹೋಗಿ ಬಂದವರು ತಮ್ಮ ಊರಿನ ಯುವ ವೃತ್ತಿಪರರಿಗೆ ತರಬೇತಿ ನಡೆಸಲು ಪಡೆಯುವ ಧನಸಹಾಯಕ್ಕೆ ಅಲಮ್ನೈ ಅನುದಾನ ಎನ್ನುತ್ತಾರೆ. ಪ್ರತ್ಯೇಕ ನಿಧಿಯಾಗಿ ಇದು ಈಚಿನದು. ಆದರೆ ಹೊರಗಿನಿಂದ ತಂದ ವಿದ್ಯೆ ಒಬ್ಬರಲ್ಲೇ ಉಳಿಯದೆ ಮುಂದಿನವರಿಗೆ ದಾಟಬೇಕೆಂಬ ಏರ್ಪಾಡು ಉತ್ತರ ಬೆಂಗಳೂರಿನ ಹೆಬ್ಬಾಳ–ಕೆಂಪಾಪುರ ಸೀಮೆಯಲ್ಲಿ ಬಹಳ ಹಿಂದೆಯೇ ಬೇರುಬಿಟ್ಟಿತ್ತು.

ಹೆಬ್ಬಾಳದ ಬುನಾದಿ

ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದಾಗ ನೀಡಿದ 30 ಎಕರೆ ಜಮೀನಿನಲ್ಲಿ 1899ರಲ್ಲಿ ಹೆಬ್ಬಾಳದ ಪ್ರಾಯೋಗಿಕ ಕೃಷಿ ಕ್ಷೇತ್ರ ಆರಂಭವಾಯಿತು. ರಸಾಯನ ವಿಜ್ಞಾನಿ ಡಾ. ಲೇಮನ್ ಅಲ್ಲಿ ಮಣ್ಣು ಮತ್ತು ಬೆಳೆಗಳ ಅಧ್ಯಯನಕ್ಕೆ ತೊಡಗಿದರು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913ರಲ್ಲಿ, ಕೃಷಿ ಶಾಲೆ ತೆರೆಯಿತು. 1946ರಲ್ಲಿ ಕೃಷಿ ಕಾಲೇಜು, 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂದವು.

1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿಯಾದರು. ಅಮೆರಿಕದಲ್ಲಿ 1862ರ ಕಾಯ್ದೆಯಿಂದ ಹುಟ್ಟಿದ ಭೂದತ್ತಿ ವಿಶ್ವವಿದ್ಯಾಲಯಗಳೇ ಇದಕ್ಕೆ ಮಾದರಿ: ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸಂಸ್ಥೆಯ ಹೊಣೆ. ಅಮೆರಿಕದ ನೆರವು ಸಂಸ್ಥೆಯಾದ ಯುಎಸ್‌ಏಡ್‌ನ ಒಪ್ಪಂದದಡಿ ಟೆನೆಸಿ ವಿಶ್ವವಿದ್ಯಾಲಯ ಇದರ ಜೊತೆಗಾರನಾಯಿತು. ಪಂಜಾಬಿನ ಕೃಷಿ ವಿಶ್ವವಿದ್ಯಾಲಯಕ್ಕೆ ಒಹಾಯೊ, ಆಗ ಉತ್ತರ ಪ್ರದೇಶದಲ್ಲಿದ್ದ ಪಂತನಗರಕ್ಕೆ ಇಲಿನಾಯ್ ಹೀಗೆಯೇ ನೆರವಾದವು. ಟೆನೆಸಿಯ ಪ್ರಾಧ್ಯಾಪಕರು ಇಲ್ಲಿಗೆ ಬಂದರು. ಇಲ್ಲಿನ ಅಧ್ಯಾಪಕರು ಉನ್ನತ ವ್ಯಾಸಂಗಕ್ಕೆ ಅಲ್ಲಿಗೆ ಹೋದರು.

ಈ ವಿನಿಮಯದಲ್ಲಿ ಹೋಗಿ ಬಂದವರಿಗೆ ಮರಳಿದ ಮೇಲೆ ಬೇರೆ ಅನುದಾನ ಹುಡುಕುವ ಗೋಜಿರಲಿಲ್ಲ. ಹುದ್ದೆ, ಸಂಬಳ, ತರಗತಿ, ಪ್ರಯೋಗದ ಹೊಲ ಎಲ್ಲವೂ ಕಾದಿರುತ್ತಿದ್ದವು. ಕಲಿತದ್ದು ಪಠ್ಯಕ್ರಮಕ್ಕೆ ಸೇರುತ್ತಿತ್ತು, ವಿಸ್ತರಣಾ ವಿಭಾಗದ ಮೂಲಕ ಹಳ್ಳಿಗೂ ತಲುಪುತ್ತಿತ್ತು.

ವ್ಯಕ್ತಿಗಳಿಗೆ ಸಿಕ್ಕ ಅವಕಾಶ

ಇದರ ಪಕ್ಕದಲ್ಲೇ ಇನ್ನೊಂದು ಬಗೆಯ ವಿನಿಮಯವೂ ಬೆಳೆಯಿತು. ಅದರಲ್ಲಿ ಆಯ್ಕೆಯಾಗುವುದು ಸಂಸ್ಥೆಯಲ್ಲ, ವ್ಯಕ್ತಿ. ಎರಡನೆಯ ಮಹಾಯುದ್ಧದಲ್ಲಿ ಉಳಿದ ಸಾಮಗ್ರಿಗಳ ಮಾರಾಟದ ಹಣವನ್ನು ವಿದ್ಯಾಭ್ಯಾಸಕ್ಕೆ ತಿರುಗಿಸುವ ಫುಲ್‌ಬ್ರೈಟ್ ಕಾಯ್ದೆ ಅಮೆರಿಕದಲ್ಲಿ 1946ರಲ್ಲಿ ಜಾರಿಗೆ ಬಂತು. ಭಾರತದೊಂದಿಗಿನ ಒಪ್ಪಂದಕ್ಕೆ 1950ರ ಫೆಬ್ರವರಿ 2ರಂದು ಸಹಿ ಬಿತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ 1959ರಲ್ಲಿ ಇದೇ ಯೋಜನೆಯಡಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. 1987–88ರಲ್ಲಿ ಗಿರೀಶ ಕಾರ್ನಾಡರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಫುಲ್‌ಬ್ರೈಟ್ ನಾಟಕಕಾರರಾಗಿದ್ದರು. 2008ರ ಹೊಸ ಒಪ್ಪಂದದಿಂದ ಭಾರತ ಸರ್ಕಾರವೂ ಸರಿಪಾಲುದಾರನಾಗಿ, ಫೆಲೋಶಿಪ್ಪಿಗೆ ಫುಲ್‌ಬ್ರೈಟ್–ನೆಹರೂ ಎಂಬ ಹೆಸರು ಬಂತು.

ವೃತ್ತಿಯ ನಡುವಿನಲ್ಲಿರುವವರಿಗಾಗಿ 1978ರಲ್ಲಿ ಅಮೆರಿಕದ ಹಂಫ್ರಿ ಫೆಲೋಶಿಪ್ ಆರಂಭವಾಯಿತು. ರೋಟರಿ ಪ್ರತಿಷ್ಠಾನ 1965ರಿಂದ 25ರಿಂದ 40 ವರ್ಷದೊಳಗಿನ ವೃತ್ತಿಪರರ ತಂಡಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕೆಲವು ವಾರಗಳ ಮಟ್ಟಿಗೆ ಕಳುಹಿಸಿತು. 2013ರಲ್ಲಿ ಈ ಅಧ್ಯಯನ ಪ್ರವಾಸ ನಿಂತಿತು; ಹೊಸ ಅನುದಾನ ಪದ್ಧತಿಯಲ್ಲಿ ವೃತ್ತಿ ತರಬೇತಿ ತಂಡಗಳಿಗೆ ಒತ್ತು ಬಿತ್ತು. ನೋಡಿ ಬರುವುದರ ಜಾಗಕ್ಕೆ ಕಲಿಸುವುದು, ಇಲ್ಲವೇ ಕಲಿತು ಬರುವುದು ಬಂತು. ರೋಟರಿಯ ಜಾಗತಿಕ ಅನುದಾನಕ್ಕೆ ಯೋಜನೆಯ ಒಟ್ಟು ವೆಚ್ಚ ಕನಿಷ್ಠ 30,000 ಡಾಲರ್ ಇರಬೇಕು.

ಹೀಗೆ ಹೋಗಿ ಬಂದವರಲ್ಲಿ ಪತ್ರಕರ್ತರು, ಎಂಜಿನಿಯರರು, ಸ್ವಯಂಸೇವಾ ಸಂಸ್ಥೆಯವರು, ಶಾಲಾ ಶಿಕ್ಷಕರು ಇದ್ದಾರೆ. ಕಲಿತದ್ದನ್ನು ಹಂಚುವುದು ಇವರಲ್ಲಿ ಬಹುಪಾಲಿನವರ ಕೆಲಸದ ಭಾಗವಲ್ಲ. ಹಂಚಲು ಜಾಗವೂ ಹಣವೂ ಬೇರೆಯೇ ಬೇಕು. ಅಲಮ್ನೈ ಅನುದಾನ ಈ ಕೊರತೆಯನ್ನು ತುಂಬಲು ಬಂದದ್ದು.

ಅನುದಾನದ ಸ್ವರೂಪ

ಅಮೆರಿಕದ ವಿದೇಶಾಂಗ ಇಲಾಖೆ ಅಲಮ್ನೈಗಾಗಿ, ಅಂದರೆ ಹೋಗಿ ಬಂದವರಿಗಾಗಿ, ಜಾಗತಿಕ ಸ್ಪರ್ಧೆಯ ನಿಧಿಯನ್ನು 2011ರಲ್ಲಿ ಆರಂಭಿಸಿತು. ಕೆಲವು ವರ್ಷಗಳಲ್ಲಿ ಒಂದು ಯೋಜನೆಗೆ 25,000 ಡಾಲರ್‌ವರೆಗೆ ಸಿಗುತ್ತಿತ್ತು. ಅರ್ಜಿ ಒಬ್ಬರದಲ್ಲ, ತಂಡದ್ದು. ಅದರಲ್ಲಿ ಕನಿಷ್ಠ ಇಬ್ಬರು ಅಲಮ್ನೈ ಇರಬೇಕು. ರಾಯಭಾರ ಕಚೇರಿಗಳು ಅರ್ಜಿಗಳನ್ನು ಸೋಸುತ್ತವೆ. ನಿಧಿ ಆರಂಭವಾದಾಗ ಕರ್ನಾಟಕ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿತ್ತು. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಯೋಜನೆಗೂ ತನ್ನದೇ ಅಲಮ್ನೈ ನಿಧಿಯಿದೆ.

ಯಾವುದಕ್ಕೆ ಹಣವಿಲ್ಲ ಎಂಬ ಪಟ್ಟಿಯೇ ಅಮೆರಿಕದ ಈ ಅನುದಾನದ ಉದ್ದೇಶವನ್ನು ಹೇಳುತ್ತದೆ. ಸಿಬ್ಬಂದಿ ಸಂಬಳ, ಕಚೇರಿ ಬಾಡಿಗೆ, ಕಟ್ಟಡ ಕಾಮಗಾರಿ, ದುಬಾರಿ ಯಂತ್ರೋಪಕರಣ, ಅಮೆರಿಕಕ್ಕೆ ವಿಮಾನದ ಟಿಕೆಟ್, ಶೈಕ್ಷಣಿಕ ಸಂಶೋಧನೆ, ವ್ಯಕ್ತಿಗತ ವಿದ್ಯಾರ್ಥಿವೇತನ, ಬಹುಮಾನ ಇವಕ್ಕೆ ಅವಕಾಶವಿಲ್ಲ. ಶಿಬಿರಾರ್ಥಿಗಳಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಲಾಭದ ಉದ್ಯಮಕ್ಕೂ ಹಣ ಬಳಸುವಂತಿಲ್ಲ. ಮುಖ್ಯವಾಗಿ ಉಳಿಯುವುದು ಕಲಿಸುವ ಖರ್ಚು: ತರಬೇತುದಾರರ ಗೌರವಧನ, ಕಲಿಕಾ ಸಾಮಗ್ರಿ, ಸಭಾಂಗಣ, ಸ್ಥಳೀಯ ಪ್ರಯಾಣ.

ಭಾರತದ ಕಾನೂನು

ವಿದೇಶಿ ಸರ್ಕಾರವೊಂದರ ಹಣ ಸಂಘ–ಸಂಸ್ಥೆಗೆ ಬರುವಾಗ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷದ ಅಸ್ತಿತ್ವ ಮತ್ತು ಆ ಅವಧಿಯಲ್ಲಿ ಮೂಲ ಉದ್ದೇಶಗಳಿಗೆ 15 ಲಕ್ಷ ರೂಪಾಯಿ ವೆಚ್ಚ ಮಾಡಿದ ದಾಖಲೆ ಕೇಳುತ್ತಾರೆ. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಈ ಕಾರಣಗಳಿಂದ, ಹೊಸದಾಗಿ ಕೂಡಿದ ಗೆಳೆಯರ ಗುಂಪಿಗಿಂತ ಲೆಕ್ಕಪತ್ರ ಸರಿಯಿರುವ ಹಳೆಯ ಸಂಸ್ಥೆಗೆ ಇಂಥ ಅನುದಾನ ನಿಭಾಯಿಸುವುದು ಸುಲಭ.

ಕೆಂಪಾಪುರದ ಅಗತ್ಯ

ಹೆಬ್ಬಾಳ ಕೆಂಪಾಪುರದಲ್ಲಿ ಸಿಂಧಿ ಕಾಲೇಜು, ಪ್ರೆಸಿಡೆನ್ಸಿ ಕಾಲೇಜುಗಳಂಥ ಪದವಿ ಸಂಸ್ಥೆಗಳಿವೆ. ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಮಾನ್ಯತಾ ಟೆಕ್ ಪಾರ್ಕಿನ ಕಂಪನಿಗಳಿವೆ. ಬಿ.ಕಾಂ., ಬಿಸಿಎ ಮುಗಿಸಿದವರು ಮೊದಲ ಕೆಲಸಕ್ಕೆ ಸೇರುವ ಹೊತ್ತಿಗೆ ಬೇಕಾಗುವ ವರದಿ ಬರಹ, ಸಂದರ್ಶನದ ಸಿದ್ಧತೆ, ದತ್ತಾಂಶ ನಿರ್ವಹಣೆ, ಸಭೆಯಲ್ಲಿ ಮಾತಾಡುವ ರೂಢಿ ಇವೆಲ್ಲ ಅಲಮ್ನೈ ಯೋಜನೆಗೆ ಹೊಂದುವ ವಿಷಯಗಳು. ಕಾಲೇಜು ಕೊಠಡಿ ಕೊಟ್ಟರೆ ಸಭಾಂಗಣದ ಬಾಡಿಗೆ ಉಳಿದು ಅದೇ ಹಣದಲ್ಲಿ ಇನ್ನಷ್ಟು ಶಿಬಿರ ನಡೆಸಬಹುದು.

ಅನುದಾನದ ದೊಡ್ಡ ಮಿತಿ ಅದರ ಅವಧಿ. ಹಣ ಕೊಡುವ ದೇಶದ ಬಜೆಟ್ಟಿಗೆ ಅದು ಕಟ್ಟುಬಿದ್ದಿರುತ್ತದೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ವಿನಿಮಯ ಯೋಜನೆಗಳ ಹಣವನ್ನು ತಡೆಹಿಡಿದಾಗ ಫುಲ್‌ಬ್ರೈಟ್‌ನಂಥ ಹಳೆಯ ಯೋಜನೆಯೂ ತೊಂದರೆಗೆ ಸಿಕ್ಕಿತು. ಆದ್ದರಿಂದ ಒಂದು ವರ್ಷದ ಯೋಜನೆ ಮುಗಿಯುವ ಮುನ್ನವೇ ಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಸ್ಥಳೀಯ ಅಧ್ಯಾಪಕರನ್ನು ತರಬೇತುದಾರರನ್ನಾಗಿ ಮಾಡಿ, ಶಿಬಿರವನ್ನು ಕಾಲೇಜಿನ ವಾರ್ಷಿಕ ಕಾರ್ಯಕ್ರಮದೊಳಗೆ ಸೇರಿಸಬೇಕು. ಹೀಗೆ ಹೊಣೆ ಒಪ್ಪಿಸಿದ ಯೋಜನೆ ಮುಂದಿನ ಕಂತು ಬಾರದಿದ್ದರೂ ನಡೆಯುತ್ತದೆ. ಒಪ್ಪಿಸದ್ದು ಅಂತಿಮ ವರದಿಯೊಂದಿಗೆ ಮುಗಿಯುತ್ತದೆ.